ತಾಯಿಯ ಪಾಳಿ ನಾಲ್ಕನೇ ವಾರ

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ತಿದ್ದಿದ್ದೇನೆ. ಪೂರ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಕಾಫಿ ಕಾರ್ಯಕ್ರಮ ಮುಗಿದ ಮೇಲೆ ಅಂತ ಹೇಳಿ ಕೂರಿಸಿದ್ದಾರೆ, ಅದೂ ಒಂದು ಕಾರಣ ಅಂತ ನನಗೆ ಗೊತ್ತು.

ಮೊದಲು ಒಂದು ಪ್ರಶ್ನೆ. ಜೇಮ್ಸ್ ಬಾಂಡ್‌ಗೆ ಎದುರಿಗೇ ಬೈಯುವ ಹೆಂಗಸು ನೆನಪಿದ್ದಾರಾ? ಗಿಡ್ಡ ಬಿಳಿಕೂದಲು, ಗಂಟು ಮುಖ, ಹೆಸರು ಬರೀ 'ಎಂ'. ಹೌದು, ಜೂಡಿ ಡೆಂಚ್. 1995ರಿಂದ 2012ರವರೆಗೆ ಅವರು ಬಾಂಡ್‌ನ ಬಾಸ್ ಆಗಿದ್ದರು. ನಮ್ಮಲ್ಲಿ ಜಾಸ್ತಿ ಜನಕ್ಕೆ ಅವರು ಪರಿಚಯ ಆಗಿದ್ದೇ ಅಲ್ಲಿ. ಆದರೆ ಅದಕ್ಕೂ 29 ವರ್ಷ ಮುಂಚೆ, ತಮ್ಮ 31ನೇ ವಯಸ್ಸಲ್ಲಿ, ಅವರು ಟಿವಿಯಲ್ಲಿ ಒಂದು ಮನೆಯ ಮಗಳಾಗಿ ನಟಿಸಿದ್ದರು. ಅಪ್ಪ, ಅಮ್ಮ, ಮಗ, ಮಗಳು. ನಾಲ್ಕೇ ಜನದ ಮನೆ. ನಾಲ್ಕು ಭಾನುವಾರ ಬಂದ ನಾಟಕ. ಹೆಸರು 'ಟಾಕಿಂಗ್ ಟು ಎ ಸ್ಟ್ರೇಂಜರ್'. ಅಪರಿಚಿತರ ಜೊತೆ ಮಾತು ಅನ್ನೋಣ. ಇವತ್ತು ನಾನು ಮಾತಾಡೋದು ಅದರ ಬಗ್ಗೆ.

ಇದನ್ನು ನೋಡಿದವರು ಕೈ ಎತ್ತಿ ಅಂದಾಗ ಒಂದೂ ಕೈ ಏಳಲಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ. ಬ್ರಿಟನ್ನಿನಲ್ಲೂ ಇವತ್ತು ಕೇಳಿದರೆ ಕೈಗಳು ಕಡಿಮೆಯೇ ಇರುತ್ತವೆ ಅಂತ ನನ್ನ ಅಂದಾಜು. ಅದು ಬಂದಿದ್ದು 1966ರ ಅಕ್ಟೋಬರ್ 2, 9, 16 ಮತ್ತು 23ರಂದು, ಬಿಬಿಸಿ-2ರಲ್ಲಿ. ಬಿಬಿಸಿ-2 ಆಗ ಎರಡೂವರೆ ವರ್ಷದ ಕೂಸು. 1964ರ ಏಪ್ರಿಲ್‌ನಲ್ಲಿ ಹುಟ್ಟಿದ ರಾತ್ರಿಯೇ ಲಂಡನ್ನಿನಲ್ಲಿ ಕರೆಂಟ್ ಹೋಗಿ ಉದ್ಘಾಟನೆಯ ಕಾರ್ಯಕ್ರಮ ಮಾರನೇ ದಿನಕ್ಕೆ ಹೋಗಿತ್ತು. ಕರೆಂಟ್ ಹೋಗೋದು ನಮ್ಮ ಕಡೆ ಮಾತ್ರ ಅಂದುಕೊಂಡಿದ್ದರೆ ಸಮಾಧಾನ ಮಾಡಿಕೊಳ್ಳಿ. ಇನ್ನೊಂದು ತೊಂದರೆಯೂ ಇತ್ತು. ಹಳೇ ಟಿವಿ ಸೆಟ್‌ಗಳಲ್ಲಿ ಚಿತ್ರ 405 ಗೆರೆಗಳಲ್ಲಿ ಮೂಡುತ್ತಿತ್ತು, ಹೊಸ ಚಾನೆಲ್‌ಗೆ 625 ಗೆರೆ. ಅದು ಬೇಕು ಅಂದರೆ ಹೊಸ ಸೆಟ್ಟು, ಹೊಸ ಆಂಟೆನಾ. ಹಾಗಾಗಿ ನೋಡುವವರು ಕಡಿಮೆ. ಈ ನಾಟಕ ಬಂದ ಸರಣಿಯ ಹೆಸರೇ 'ಥಿಯೇಟರ್ 625'. ಗೆರೆಗಳ ಲೆಕ್ಕವನ್ನೇ ಹೆಸರು ಮಾಡಿಕೊಂಡಿದ್ದರು.

ಬರೆದವರು ಜಾನ್ ಹಾಪ್ಕಿನ್ಸ್. ನಿರ್ದೇಶನ ಕ್ರಿಸ್ಟೋಫರ್ ಮೊರಹನ್. ಮೊರಹನ್ ಹೆಸರು ಕೇಳಿಲ್ಲ ಅಂದರೂ ಅವರ ಕೆಲಸ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1984ರಲ್ಲಿ ಬ್ರಿಟಿಷರ ಕಾಲದ ಇಂಡಿಯಾದ ಬಗ್ಗೆ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಅಂತ 14 ಕಂತಿನ ದೊಡ್ಡ ಧಾರಾವಾಹಿ ಬಂತು. ಅದರ ನಿರ್ಮಾಪಕರು ಇವರೇ, ಇಬ್ಬರು ನಿರ್ದೇಶಕರಲ್ಲಿ ಒಬ್ಬರೂ ಇವರೇ. ಅದರ ಚಿತ್ರೀಕರಣ ನಮ್ಮ ಮೈಸೂರಿನಲ್ಲೂ ನಡೆದಿತ್ತು. ಆನೆ, ಅರಮನೆ, ರೈಲು, ಸಾವಿರ ಜನ ಎಲ್ಲವನ್ನೂ ಹಿಡಿದ ಆ ಮನುಷ್ಯ ಅದಕ್ಕೂ ಮುಂಚೆ ನಾಲ್ಕು ಗೋಡೆಯ ಒಳಗೆ ನಾಲ್ಕು ಜನರನ್ನು ಹೇಗೆ ಹಿಡಿದರು ಅನ್ನೋದೇ ನನ್ನ ಕುತೂಹಲ.

ನಾನು ಯಾಕೆ ಇದರ ಹಿಂದೆ ಬಿದ್ದೆ ಅಂತ ಹೇಳಿಬಿಡುತ್ತೇನೆ. ಪರಿಚಯ ಮಾಡಿಕೊಟ್ಟವರು ನನ್ನನ್ನು ಲೇಖಕ ಅಂದರು. ಅವರ ಪ್ರೀತಿ ದೊಡ್ಡದು. ನಾನು ಹನ್ನೆರಡು ವರ್ಷ ಸೀರಿಯಲ್‌ಗಳಿಗೆ ಡೈಲಾಗ್ ಬರೆದವನು. ಬೆಳಿಗ್ಗೆ ಏಳಕ್ಕೆ ಸೆಟ್‌ನಿಂದ ಫೋನ್ ಬರುತ್ತಿತ್ತು, "ಸರ್, ಎಂಟನೇ ಸೀನ್ ಇನ್ನೂ ಬಂದಿಲ್ಲ." ನಾನು ಹಲ್ಲುಜ್ಜುತ್ತಾ ಎಂಟನೇ ಸೀನ್ ಹೇಳಿ ಬರೆಸುತ್ತಿದ್ದೆ. ಅತ್ತೆ ಬೈದಳು, ಸೊಸೆ ಅತ್ತಳು, ಮಗ ಬಾಗಿಲಲ್ಲಿ ನಿಂತ, ಕ್ಯಾಮೆರಾ ಮೂರು ಸಲ ಝೂಮ್ ಆಯಿತು. ಗುರುವಾರ ಟಿಆರ್‌ಪಿ ಬಂದರೆ ಶುಕ್ರವಾರ ಕಥೆ ತಿರುಗುತ್ತಿತ್ತು.

ಒಂದು ಸಲ ನನಗೆ ಒಂದು ಆಸೆ ಹುಟ್ಟಿತು. ನಮ್ಮ ಸೀರಿಯಲ್‌ನಲ್ಲಿ ಒಂದು ಜಗಳ ಆಗಿತ್ತು. ಹಬ್ಬದ ದಿನದ ಜಗಳ. ಸೊಸೆಯ ಕಡೆಯಿಂದ ಒಂದು ವಾರ ಓಡಿತು. ಅದೇ ದಿನವನ್ನು ಬೆಳಿಗ್ಗೆಯಿಂದ ಅತ್ತೆಯ ಕಡೆಯಿಂದ ಇನ್ನೊಂದು ವಾರ ತೋರಿಸೋಣ ಅಂದೆ. ಚಾನೆಲ್‌ನಿಂದ ಬಂದ ಹುಡುಗ ಒಳ್ಳೆಯವನು, ಚೆನ್ನಾಗಿ ಓದಿಕೊಂಡವನು. ಪೂರ್ತಿ ಕೇಳಿದ. ಆಮೇಲೆ ಅಂದ, "ಸರ್, ಐಡಿಯಾ ಸೂಪರ್. ಆದ್ರೆ ನೋಡೋರಿಗೆ ಯಾರನ್ನ ಬೈಬೇಕು ಅಂತ ಗೊತ್ತಾಗ್ಬೇಕಲ್ಲ?"

ನಾನು ಸುಮ್ನೆ ಬಂದೆ. ಅವನು ಹೇಳಿದ್ದು ಸರಿ. ನಮ್ಮ ಕಸುಬು ನಿಂತಿರೋದೇ ಅದರ ಮೇಲೆ. ಆಮೇಲೆ ಯಾವಾಗಲೋ ಗೆಳೆಯರೊಬ್ಬರು ಜೂಡಿ ಡೆಂಚ್ ಅವರ ಹಳೇ ಬಿಬಿಸಿ ನಾಟಕಗಳ ಡಿವಿಡಿ ಡಬ್ಬಿ ಕೊಟ್ಟರು. ಅದರಲ್ಲಿ ಇದು ಇತ್ತು. ನನ್ನ ಐಡಿಯಾ ನಾನು ಹುಟ್ಟುವ ಮುಂಚೆಯೇ ಯಾರೋ ಮಾಡಿ ಮುಗಿಸಿದ್ದರು. ಅದೂ ನನಗಿಂತ ಹತ್ತು ಪಾಲು ಚೆನ್ನಾಗಿ. ಹೊಟ್ಟೆಕಿಚ್ಚಿನಿಂದ ಶುರುವಾದ ಪ್ರೀತಿ ಇದು.

ಹಾಪ್ಕಿನ್ಸ್ ಕೂಡ ನಮ್ಮ ಹಾಗೆ ಕಂತು ಬರೆದೇ ಬೆಳೆದವರು. 1962ರ ಜನವರಿಯಲ್ಲಿ ಬಿಬಿಸಿಯಲ್ಲಿ 'ಝೆಡ್ ಕಾರ್ಸ್' ಅಂತ ಪೊಲೀಸ್ ಧಾರಾವಾಹಿ ಶುರುವಾಯಿತು. ಗಸ್ತು ಕಾರುಗಳಲ್ಲಿ ಓಡಾಡುವ ಸಾಮಾನ್ಯ ಪೊಲೀಸರ ಕಥೆ. ಇವರು ಅದಕ್ಕೆ ಐವತ್ತಕ್ಕೂ ಹೆಚ್ಚು ಕಂತು ಬರೆದರು. ಮೊದಮೊದಲು ಅದು ಲೈವ್ ಹೋಗುತ್ತಿತ್ತು. ನಟ ಮಾತು ಮರೆತರೆ ಇಡೀ ದೇಶದ ಮುಂದೆ ಮರೆತ ಹಾಗೆ. ಪೊಲೀಸ್ ಸ್ಟೇಷನ್ನಿನ ಕಥೆ ಬರೆದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಒಂದೇ ಘಟನೆ, ನಾಲ್ಕು ಸಾಕ್ಷಿ, ನಾಲ್ಕು ಹೇಳಿಕೆ. ಯಾರೂ ಸುಳ್ಳು ಹೇಳುತ್ತಿಲ್ಲ, ಆದರೂ ಒಂದಕ್ಕೊಂದು ತಾಳೆ ಆಗೋದಿಲ್ಲ. ಈ ನಾಟಕದ ಬೀಜ ಅಲ್ಲೇ ಬಿದ್ದಿರಬೇಕು ಅಂತ ನನ್ನ ಊಹೆ. ತಮಾಷೆ ಅಂದರೆ, 1965ರ ಬಾಂಡ್ ಸಿನಿಮಾ 'ಥಂಡರ್‌ಬಾಲ್'ಗೆ ಚಿತ್ರಕಥೆ ಬರೆದ ಇಬ್ಬರಲ್ಲಿ ಒಬ್ಬರು ಇವರೇ. ನೀರಿನಡಿಯ ಕಾಳಗ ಬರೆದ ಆಸುಪಾಸಿನಲ್ಲೇ ಅಪ್ಪ ಅಮ್ಮನ ಮನೆಯ ಭಾನುವಾರ ಬರೆದರು. ಎರಡನೇದರಲ್ಲೇ ಜಾಸ್ತಿ ಗಾಯ.

ಇನ್ನು ನಾಟಕಕ್ಕೆ ಬರೋಣ. ಸ್ಟೀವನ್ಸ್ ಅಂತ ಒಂದು ಸಂಸಾರ. ವಯಸ್ಸಾದ ಅಪ್ಪ, ಅಮ್ಮ. ಬೆಳೆದು ಮನೆ ಬಿಟ್ಟುಹೋದ ಮಗ ಆಲನ್, ಮಗಳು ಟೆರಿ. ಒಂದು ವಾರಾಂತ್ಯ ಎಲ್ಲರೂ ಹೆತ್ತವರ ಮನೆಯಲ್ಲಿ ಸೇರುತ್ತಾರೆ. ಆ ವಾರಾಂತ್ಯ ಮುಗಿಯುವ ಹೊತ್ತಿಗೆ ತಾಯಿ ತನ್ನ ಜೀವ ತಾನೇ ಕಳೆದುಕೊಂಡಿರುತ್ತಾಳೆ. ಕಥೆ ಇಷ್ಟೇ. ಸಸ್ಪೆನ್ಸ್ ಒಡೆದೆ ಅಂತ ಬೇಜಾರಾಗಬೇಡಿ, ಇಲ್ಲಿ ಸಸ್ಪೆನ್ಸ್ ಅದಲ್ಲ.

ಮೊದಲ ಭಾಗ ಮಗಳು ಕಂಡ ಹಾಗೆ. ಎರಡನೇದು ಅಪ್ಪ ಕಂಡ ಹಾಗೆ. ಮೂರನೇದು ಮಗ. ನಾಲ್ಕನೇದು ತಾಯಿ. ಅದೇ ಮನೆ, ಅದೇ ದಿನಗಳು. ನೋಡಿದ ದೃಶ್ಯವೇ ಮತ್ತೆ ಬರುತ್ತದೆ, ಆದರೆ ಈ ಸಲ ನೀವು ಇನ್ನೊಂದು ಕುರ್ಚಿಯಲ್ಲಿ ಕೂತಿರುತ್ತೀರಿ. ಹೋದ ವಾರ ಕೊಂಕು ಅನಿಸಿದ ಮಾತು ಈ ವಾರ ಹೆದರಿಕೆಯ ಮಾತಾಗಿ ಕೇಳುತ್ತದೆ. ಹೋದ ವಾರ ಸುಮ್ಮನೆ ಮೂಲೆಯಲ್ಲಿ ಇದ್ದವರು ಈ ವಾರ ಸುಮ್ಮನೆ ಇರಲಿಲ್ಲ ಅಂತ ಗೊತ್ತಾಗುತ್ತದೆ.

ನಾಲ್ಕು ಭಾಗಕ್ಕೂ ಬೇರೆ ಬೇರೆ ಹೆಸರಿದೆ. ಆ ಹೆಸರುಗಳ ಮೇಲೇ ಒಂದು ಸಂಜೆ ಮಾತಾಡಬಹುದು. ಮಗಳ ಭಾಗದ ಹೆಸರು "ನೀವು ರೆಡಿ ಅಂದ್ರೆ ಸಾಕು, ನಾನು ಮಿಂಚ್ತೀನಿ" ಅನ್ನುವ ಅರ್ಥದ್ದು. ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕಾಯುತ್ತಿರುವವರ ಮಾತಿನ ಹಾಗಿದೆ, ಅಲ್ವಾ? ಟೆರಿ ಅಂಥವಳೇ. ಬಾಯಿ ತುಂಬ ಮಾತು, ತಮಾಷೆ, ಚುಚ್ಚು. ನಿಂತರೆ ಬಿದ್ದುಹೋಗುತ್ತೇನೆ ಅನ್ನುವವಳ ಹಾಗೆ ಮಾತಾಡುತ್ತಲೇ ಇರುತ್ತಾಳೆ. ಅಪ್ಪನ ಭಾಗದ ಹೆಸರು "ಯಾವ ಕುಶಲತೆಯೂ ವಿಶೇಷ ತಿಳಿವಳಿಕೆಯೂ ಬೇಕಾಗಿಲ್ಲ". ಕೆಲಸ ಖಾಲಿ ಇದೆ ಅನ್ನುವ ಜಾಹೀರಾತಿನ ಭಾಷೆ. ಗಂಡನಾಗೋದಕ್ಕೆ, ಅಪ್ಪನಾಗೋದಕ್ಕೆ ಇಂಟರ್‌ವ್ಯೂ ಇಲ್ಲವಲ್ಲ. ನಾಲ್ಕನೇದು "ಏನೂ ಅರಿಯದವರೇ ನೋಯಬೇಕು".

ನನಗೆ ಇಷ್ಟವಾದದ್ದು ಮೂರನೇ ಭಾಗದ ಹೆಸರು. 'ಗ್ಲಾಡ್ಲಿ, ಮೈ ಕ್ರಾಸ್-ಐಡ್ ಬೇರ್'. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ರೈಸ್ತರ ಒಂದು ಪ್ರಾರ್ಥನಾ ಗೀತೆಯಲ್ಲಿ "ಸಂತೋಷದಿಂದಲೇ ಶಿಲುಬೆ ಹೊರುತ್ತೇನೆ" ಅನ್ನುವ ಸಾಲು ಬರುತ್ತದೆ. ಇಂಗ್ಲಿಷಿನಲ್ಲಿ ಸಂತೋಷದಿಂದ ಅನ್ನೋದಕ್ಕೆ ಗ್ಲಾಡ್ಲಿ, ಶಿಲುಬೆಗೆ ಕ್ರಾಸ್, ಹೊರೋದಕ್ಕೆ ಬೇರ್. ಕರಡಿಗೂ ಬೇರ್, ಮೆಳ್ಳಗಣ್ಣಿಗೆ ಕ್ರಾಸ್-ಐಡ್. ಮಕ್ಕಳ ಕಿವಿಗೆ ಅದು 'ಗ್ಲಾಡ್ಲಿ ಅನ್ನುವ ಮೆಳ್ಳಗಣ್ಣಿನ ಕರಡಿ' ಆಗಿಬಿಡುತ್ತದೆ. ಅಲ್ಲಿನ ಹಳೇ ಜೋಕು ಇದು. ಇಂಗ್ಲಿಷ್ ಮಕ್ಕಳು ದೇವರ ಮುಂದೆ ನಿಂತು ಭಕ್ತಿಯಿಂದ ಕರಡಿಯ ಬಗ್ಗೆ ಹಾಡುತ್ತಾರೆ.

ನಮಗೂ ಇಂಥದ್ದು ಆಗಿದೆ. ಚಿಕ್ಕವನಿದ್ದಾಗ ಬೆಳಿಗ್ಗೆ ರೇಡಿಯೋದಲ್ಲಿ ಸಂಸ್ಕೃತ ವಾರ್ತೆ ಬರುತ್ತಿತ್ತು. "ಪ್ರವಾಚಕಃ ಬಲದೇವಾನಂದ ಸಾಗರಃ". ನೋಡಿ, ಅರ್ಧ ಸಭೆ ನನ್ನ ಜೊತೆಗೇ ಹೇಳಿತು. ನಮ್ಮದು ಶಿವಮೊಗ್ಗದ ಕಡೆ. ಎಷ್ಟೋ ವರ್ಷ ನಾನು ಅವರನ್ನು ನಮ್ಮ ಸಾಗರದವರು ಅಂತಲೇ ನಂಬಿದ್ದೆ. ಸಾಗರದಿಂದ ದಿಲ್ಲಿಗೆ ಹೋಗಿ ವಾರ್ತೆ ಓದುತ್ತಿದ್ದಾರೆ, ಮಾರಿಕಾಂಬಾ ಜಾತ್ರೆಗೆ ಊರಿಗೆ ಬರುತ್ತಾರೇನೋ, ನೋಡಬೇಕು ಅಂತ. ಅಪ್ಪನನ್ನು ಕೇಳಿದ್ದೆ ಕೂಡ. ಅಪ್ಪ "ಹೂಂ" ಅಂದಿದ್ದರು. ಅವರು ಪ್ರಶ್ನೆ ಕೇಳಿಸಿಕೊಂಡಿರಲಿಲ್ಲ.

ಹಾಪ್ಕಿನ್ಸ್ ಆ ತಪ್ಪು ಕೇಳಿಸಿಕೊಂಡ ಸಾಲನ್ನು ಹೆಸರು ಮಾಡಿದ್ದು ಸುಮ್ನೆ ಅಲ್ಲ. ಅಮ್ಮ ಶಿಲುಬೆ ಅಂದಿರುತ್ತಾಳೆ, ಮಕ್ಕಳಿಗೆ ಕರಡಿ ಅಂತ ಕೇಳಿರುತ್ತದೆ. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದು ಒಬ್ಬೊಬ್ಬರೂ ಬೇರೆ ಬೇರೆ ಹಾಡು ಹಾಡಿರುತ್ತಾರೆ. ಇಡೀ ನಾಟಕ ನನಗೆ ಬಿಚ್ಚಿಕೊಂಡಿದ್ದು ಈ ಒಂದು ಹೆಸರಿನಿಂದ.

ಮಾತಿನ ವಿಷಯ ಹೇಳಬೇಕು, ಅದು ನನ್ನ ಕಸುಬು. ಸೀರಿಯಲ್‌ನಲ್ಲಿ ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುತ್ತಾರೆ. ಬಸ್ ಸ್ಟಾಂಡಿನಲ್ಲಿ ಒಂದು ಬಸ್ ಹೊರಟ ಮೇಲೆ ಇನ್ನೊಂದು ಬಂದು ನಿಂತ ಹಾಗೆ. ಹಾಪ್ಕಿನ್ಸ್ ಬರೆದ ಮಾತು ಹಾಗಿಲ್ಲ. ಅರ್ಧಕ್ಕೆ ನಿಲ್ಲುತ್ತದೆ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಬರೋದಿಲ್ಲ, ಕೇಳದ ಪ್ರಶ್ನೆಗೆ ಬರುತ್ತದೆ. ಕಾಗದದ ಮೇಲೆ ಓದಿದರೆ ಬರೆಯಲು ಬಾರದವನು ಬರೆದ ಹಾಗಿರುತ್ತದೆ. ನಟರ ಬಾಯಲ್ಲಿ ಬಂದಾಗ ಪಕ್ಕದ ಮನೆಯ ಗೋಡೆಗೆ ಕಿವಿ ಇಟ್ಟ ಹಾಗಾಗುತ್ತದೆ.

ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ಊರಿಗೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬ್ಯಾಗ್ ಹಿಡಿದು ನಿಂತೆ. ಅಮ್ಮ ಅಡುಗೆಮನೆಯಿಂದಲೇ ಅಂದರು, "ಇಷ್ಟು ಬೇಗ ಹೊರಟ್ಯಾ?" ಅಷ್ಟೇ. ಮೂರು ಪದ. ನನಗೆ ಅದು ದೂರು. ಬಂದಾಗಲೆಲ್ಲ ಇದೇ, ಎಷ್ಟು ದಿನ ಇದ್ದರೂ ಸಾಲದು ಇವರಿಗೆ. ನನ್ನ ಹೆಂಡತಿಗೆ ಅದು ತನಗೆ ಕೊಟ್ಟ ಏಟು, ಸೊಸೆಯೇ ಎಳೆದುಕೊಂಡು ಹೋಗುತ್ತಿದ್ದಾಳೆ ಅಂತ. ತಂಗಿಗೆ ಅದು ತನ್ನನ್ನು ಲೆಕ್ಕಕ್ಕೇ ಇಡದ ಮಾತು. ದಿನಾ ಜೊತೆಗಿರೋಳು ನಾನು, ಹೋಗೋನಿಗೆ ಮಾತ್ರ ಕಣ್ಣೀರು. ಅಮ್ಮನಿಗೆ? ಆಮೇಲೆ ಗೊತ್ತಾಯಿತು. ಕಡುಬು ಇನ್ನೂ ಬೆಂದಿರಲಿಲ್ಲ, ಕಟ್ಟಿ ಕೊಡೋಣ ಅಂತಿದ್ದರು. ಎಷ್ಟು ಹೊತ್ತಿಗೆ ಹೊರಡುತ್ತೀಯ ಅಂತ ಕೇಳಿದ್ದರು, ಅಷ್ಟೇ. ಅಥವಾ ಕಡುಬು ಅನ್ನೋದು ನೆಪವೇನೋ. ಅವರ ಕಡೆಯಿಂದ ಆ ಭಾಗವನ್ನು ಯಾರೂ ಬರೆದಿಲ್ಲವಲ್ಲ.

ಈ ನಾಟಕವನ್ನು ನಾನು ನೋಡಿದ್ದು ಅಮ್ಮನ ಜೊತೆಗೇ. ಅಪ್ಪ ಹೋದ ಮೇಲೆ ಅವರು ಸ್ವಲ್ಪ ದಿನ ನಮ್ಮ ಜೊತೆ ಬೆಂಗಳೂರಿನಲ್ಲಿ ಇದ್ದರು. ಡಿವಿಡಿ ಕೈಯಲ್ಲಿತ್ತು, ಒಂದೇ ರಾತ್ರಿ ನಾಲ್ಕೂ ನೋಡಿ ಮುಗಿಸಬಹುದಿತ್ತು. ಆದರೆ 1966ರ ಜನ ಹೇಗೆ ನೋಡಿದರೋ ಹಾಗೇ ನೋಡೋಣ ಅನಿಸಿತು. ಭಾನುವಾರಕ್ಕೆ ಒಂದು. ಆ ವರ್ಷ ನಮ್ಮ ರಾಜ್ಯದಲ್ಲಿ ಟಿವಿಯೇ ಇರಲಿಲ್ಲ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರ ನವೆಂಬರ್ 1ಕ್ಕೆ. ಹಾಗಾಗಿ ಅಮ್ಮನಿಗೆ ಆ ಕಾಲದ ಟಿವಿ ಅಂದರೆ ಹೊಸದೇ. ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ.

ಮೊದಲ ಭಾನುವಾರ ಅಮ್ಮ ಟೆರಿಯ ಪಕ್ಷ. "ಹುಡುಗಿಗೆ ಬಾಯಿ ಜಾಸ್ತಿ. ಆದ್ರೆ ಒಳಗೆ ಏನೋ ಇಟ್ಕೊಂಡಿದಾಳೆ, ಪಾಪ." ಟೆರಿ ಬಸುರಿ ಅಂತ ನಾನು ಹೇಳುವ ಮುಂಚೆಯೇ ಅವರಿಗೆ ಗೊತ್ತಾಗಿತ್ತು. ಆ ವಾರ ಪೂರ್ತಿ ಅವರು ಆ ಮನೆಯ ತಾಯಿಯನ್ನು ಬೈದರು. ತರಕಾರಿ ಹೆಚ್ಚುವಾಗ ಬೈದರು. "ಮಗಳು ಬಂದ್ರೆ ಹಂಗಾ ಮಾತಾಡೋದು?" ಎರಡನೇ ಭಾನುವಾರ ಅಪ್ಪನ ಕಡೆಗೆ ಹೋದರು. ಮೂರನೇದಕ್ಕೆ ಮಗನನ್ನು ಕಂಡು, "ಇವನು ಬಂದಿರೋದೇ ಹೋಗೋದಕ್ಕೆ. ನಿನ್ನ ಥರಾನೇ" ಅಂದರು. ನಾನು ರಿಮೋಟ್ ಕಡೆ ನೋಡಿದೆ.

ಆ ಏಳು ದಿನದ ಬಿಡುವೇ ಈ ನಾಟಕದ ಅರ್ಧ ಅಂತ ನನಗೆ ಅನಿಸಿದ್ದು ಆಗ. ಸಿನಿಮಾದಲ್ಲಿ ಇದನ್ನೇ ಎರಡು ಗಂಟೆಯಲ್ಲಿ ಮಾಡಿದರೆ ಜಾಣತನದ ಆಟ ಆಗುತ್ತದೆ. ಇಲ್ಲಿ ಒಂದು ವಾರ ನೀವು ಒಬ್ಬರ ಪಕ್ಷ ಹಿಡಿದು ಓಡಾಡುತ್ತೀರಿ. ಆಫೀಸಿಗೆ ಹೋಗುತ್ತೀರಿ, ಬಟ್ಟೆ ಒಗೆಯುತ್ತೀರಿ, ನಿಮ್ಮ ತೀರ್ಪು ಒಳಗೇ ಗಟ್ಟಿಯಾಗುತ್ತದೆ. ಭಾನುವಾರ ಬಂದು ಅದನ್ನು ಮುರಿಯುತ್ತದೆ. ಟಿವಿಗಾಗಿಯೇ ಬರೆದ ಮೊದಲ ನಿಜವಾದ ಮೇರುಕೃತಿ ಅಂತ ಆಗ 'ಅಬ್ಸರ್ವರ್' ಪತ್ರಿಕೆಯಲ್ಲಿ ಜಾರ್ಜ್ ಮೆಲ್ಲಿ ಬರೆದರು. ಟಿವಿಗಾಗಿಯೇ ಅನ್ನುವ ಮಾತನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಈಗಿನವರು ಎಲ್ಲಾ ಕಂತನ್ನೂ ಒಂದೇ ರಾತ್ರಿ ನುಂಗುತ್ತಾರೆ, ಅದು ಅವರಿಷ್ಟ. ಇದನ್ನು ಮಾತ್ರ ಹಾಗೆ ನೋಡಬೇಡಿ.

ಅಮ್ಮ ಎರಡನೇ ವಾರವೇ ಒಂದು ಮಾತು ಕೇಳಿದ್ದರು. "ಮಗಳದ್ದಾಯ್ತು, ಗಂಡಂದಾಯ್ತು. ಆ ಹೆಂಗಸಿನ ಪಾಳಿ ಯಾವಾಗ?"

"ಕೊನೇಲಿ ಅಮ್ಮ. ನಾಲ್ಕನೇ ವಾರ."

"ಊಟದಲ್ಲೂ ಹಂಗೇ" ಅಂದರು.

ಆ ವರ್ಷದ ಬಗ್ಗೆ ಎರಡು ಮಾತು. 1966 ಅಂದರೆ ಲಂಡನ್ ಕುಣಿಯುತ್ತಿದ್ದ ವರ್ಷ. ಗಿಡ್ಡ ಲಂಗ, ಬೀಟಲ್ಸ್, ಜುಲೈನಲ್ಲಿ ಫುಟ್‌ಬಾಲ್ ವಿಶ್ವಕಪ್. ಅಮೆರಿಕದ 'ಟೈಮ್' ಪತ್ರಿಕೆ ಏಪ್ರಿಲ್‌ನಲ್ಲಿ ಆ ಊರನ್ನು ಮುಖಪುಟಕ್ಕೇ ಹಾಕಿತ್ತು. ಆದರೆ ಆ ಕುಣಿತ ಎಲ್ಲಾ ಮನೆಗೂ ತಲುಪಿರಲಿಲ್ಲ. ಕಾನೂನೇ ಇನ್ನೂ ಹಿಂದಿತ್ತು. ಗರ್ಭಪಾತಕ್ಕೆ ದಾರಿ ಮಾಡಿಕೊಟ್ಟ ಕಾಯ್ದೆ ಬಂದಿದ್ದು 1967ರಲ್ಲಿ, ಜಾರಿಗೆ ಬಂದಿದ್ದು 1968ರಲ್ಲಿ. ಅಂದರೆ ಟೆರಿ ಒಳಗೆ ಇಟ್ಟುಕೊಂಡ ಸುದ್ದಿಗೆ ಆಗ ಎಷ್ಟು ತೂಕ ಅಂತ ಲೆಕ್ಕ ಹಾಕಿ. ಇಂಗ್ಲೆಂಡಿನಲ್ಲಿ ಆತ್ಮಹತ್ಯೆಗೆ ಯತ್ನಿಸೋದು ಅಪರಾಧ ಅಲ್ಲ ಅಂತ ಆಗಿದ್ದೇ 1961ರಲ್ಲಿ. ಐದೇ ವರ್ಷದ ಹಿಂದೆ. ಅಂಥ ಸಾವಿನ ಸುತ್ತ ಮನೆಯೊಳಗೆ ಕೂತು ಮಾತಾಡುವುದೇ ಕಷ್ಟವಾಗಿದ್ದ ಕಾಲದಲ್ಲಿ ಇವರು ನಾಲ್ಕು ವಾರ ಟಿವಿಯಲ್ಲಿ ಮಾತಾಡಿದರು.

ಹಾಗಿದ್ದರೆ ಜನ ಇದನ್ನು ಯಾಕೆ ಮರೆತರು? ಅದಕ್ಕೆ ನನ್ನ ಹತ್ತಿರ ಒಂದು ಉತ್ತರವಿದೆ. ಇದು ಮುಗಿದು ಮೂರೂವರೆ ವಾರಕ್ಕೆ, ನವೆಂಬರ್ 16ಕ್ಕೆ, ಬಿಬಿಸಿ-1ರಲ್ಲಿ 'ಕ್ಯಾಥಿ ಕಮ್ ಹೋಮ್' ಬಂತು. ಕೆನ್ ಲೋಚ್ ನಿರ್ದೇಶನ. ಮನೆ ಕಳೆದುಕೊಂಡು ಬೀದಿಗೆ ಬಂದ ಗಂಡ ಹೆಂಡತಿ ಮಕ್ಕಳ ಕಥೆ. ಸುಮಾರು 1 ಕೋಟಿ 20 ಲಕ್ಷ ಜನ ನೋಡಿದರು. ದೊಡ್ಡ ಗದ್ದಲವೇ ಆಯಿತು. ಡಿಸೆಂಬರ್ 1ಕ್ಕೆ ಮನೆ ಇಲ್ಲದವರಿಗಾಗಿ ಶೆಲ್ಟರ್ ಅನ್ನುವ ಸಂಸ್ಥೆ ಶುರುವಾಯಿತು. ಅದರ ತಯಾರಿ ಮೊದಲೇ ನಡೆದಿತ್ತು, ಆದರೆ ನಾಟಕ ಎಬ್ಬಿಸಿದ ಗಾಳಿ ಅದಕ್ಕೂ ಸಿಕ್ಕಿತು. ಕ್ಯಾಥಿಯ ಕಷ್ಟಕ್ಕೆ ಸರ್ಕಾರವನ್ನು ಬೈಯಬಹುದು. ಪತ್ರ ಬರೆಯಬಹುದು, ದುಡ್ಡು ಕೊಡಬಹುದು. ಸ್ಟೀವನ್ಸ್ ಮನೆಯ ಕಷ್ಟಕ್ಕೆ ಯಾರಿಗೆ ಅರ್ಜಿ ಹಾಕುತ್ತೀರಿ? ನಮ್ಮ ಚಾನೆಲ್ ಹುಡುಗ ಹೇಳಿದ್ದು ಇದನ್ನೇ. ಯಾರನ್ನು ಬೈಯಬೇಕು ಅಂತ ಗೊತ್ತಾಗಬೇಕು. 2000ದಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅಲ್ಲಿನ ನೂರು ಅತ್ಯುತ್ತಮ ಟಿವಿ ಕಾರ್ಯಕ್ರಮಗಳ ಪಟ್ಟಿ ಮಾಡಿದಾಗ ಕ್ಯಾಥಿಗೆ ಎರಡನೇ ಸ್ಥಾನ. ನಮ್ಮದಕ್ಕೆ 78. ನೂರರ ಒಳಗೆ ಇದೆ ಅಂತ ಖುಷಿ ಪಟ್ಟುಕೊಂಡೆ.

ಉಳಿದಿದ್ದೇ ದೊಡ್ಡದು. ಆಗ ವಿಡಿಯೋ ಟೇಪ್ ದುಬಾರಿ. ಒಮ್ಮೆ ತೋರಿಸಿದ ಕಾರ್ಯಕ್ರಮ ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದು ಹಿಡಿಯುತ್ತಿದ್ದರು. 'ಝೆಡ್ ಕಾರ್ಸ್'ನ ಎಷ್ಟೋ ಕಂತುಗಳು ಹೀಗೇ ಹೋದವು. ಇದರ ನಾಲ್ಕೂ ಭಾಗ ಉಳಿದಿವೆ. ಒಂದು ಹೋಗಿದ್ದರೆ, ಅದೂ ನಾಲ್ಕನೇದು ಹೋಗಿದ್ದರೆ ಏನಾಗುತ್ತಿತ್ತು ಅಂತ ನಾನು ಒಮ್ಮೊಮ್ಮೆ ಯೋಚಿಸುತ್ತೇನೆ. ಎಲ್ಲರೂ ಮಾತಾಡಿ, ತಾಯಿಯೊಬ್ಬಳು ಮಾತಾಡದೇ ಉಳಿಯುತ್ತಿದ್ದಳು.

ನಟನೆಯ ಬಗ್ಗೆ ಹೇಳದೇ ಇದ್ದರೆ ತಪ್ಪಾಗುತ್ತದೆ. ಕಪ್ಪು ಬಿಳುಪು ಚಿತ್ರ. ಕ್ಯಾಮೆರಾ ಮುಖದ ಹತ್ತಿರ, ಇನ್ನೂ ಹತ್ತಿರ. ಜೂಡಿ ಡೆಂಚ್ ಮಾತಾಡುತ್ತಿರುವಾಗ ಅವರ ಬಾಯಿ ಒಂದು ಹೇಳುತ್ತದೆ, ಕಣ್ಣು ಅದನ್ನು ತಡೆಯಲು ನೋಡುತ್ತದೆ. ಇದಕ್ಕೆ ಅವರಿಗೆ ಬಾಫ್ಟಾ, ಅಂದರೆ ಬ್ರಿಟನ್ನಿನ ದೊಡ್ಡ ಸಿನಿಮಾ-ಟಿವಿ ಪ್ರಶಸ್ತಿ ಬಂತು. ಅಪ್ಪನಾಗಿ ಮಾರಿಸ್ ಡೆನ್ಹಮ್, ಮಗನಾಗಿ ಮೈಕಲ್ ಬ್ರಯಂಟ್. ತಾಯಿ ಮಾರ್ಜರಿ ಮೇಸನ್. ಈ ಮೇಸನ್ ಅವರನ್ನು ನಿಮ್ಮ ಮಕ್ಕಳು ನೋಡಿದ್ದಾರೆ. ಹ್ಯಾರಿ ಪಾಟರ್ ಸಿನಿಮಾದ ನಾಲ್ಕನೇದರಲ್ಲಿ ರೈಲಿನೊಳಗೆ ಗಾಡಿ ತಳ್ಳಿಕೊಂಡು ತಿಂಡಿ ಮಾರುವ ಅಜ್ಜಿ ಇದ್ದಾರಲ್ಲ, ಅವರೇ. ನೂರು ವರ್ಷ ಬದುಕಿ 2014ರಲ್ಲಿ ತೀರಿಕೊಂಡರು. ಮೊದಲ ಮೂರು ಭಾಗದಲ್ಲಿ ಅವರು ಬೇರೆಯವರ ಕಥೆಯ ಅಮ್ಮ. ಆ ಮೂರು ವಾರವೂ ನಾಲ್ಕನೇ ವಾರದ ಹೆಂಗಸನ್ನು ಒಳಗೆ ಇಟ್ಟುಕೊಂಡೇ ನಟಿಸಬೇಕು, ಆದರೆ ತೋರಿಸಬಾರದು. ಬಾಫ್ಟಾ ಇವರಿಗೂ ಸಿಗಬೇಕಿತ್ತು ಅಂತ ನನ್ನ ವಾದ. ಐವತ್ತು ವರ್ಷ ತಡವಾಗಿ ಮಾಡುತ್ತಿದ್ದೇನೆ.

ಕುಂದು ಇಲ್ಲವೇ? ಇದೆ. ಮಾತು ಜಾಸ್ತಿ. ಒಂದೊಂದು ಭಾಗವೂ ಒಂದು ಗಂಟೆಗಿಂತ ಜಾಸ್ತಿ, ಅದರಲ್ಲಿ ಉಸಿರಾಡೋದಕ್ಕೆ ಜಾಗ ಕಡಿಮೆ. ಮೂರನೇ ಭಾಗದ ನಡುವೆ ನನಗೆ ಒಮ್ಮೆ ಬೇಸರ ಬಂತು, ಎದ್ದು ನೀರು ಕುಡಿದು ಬಂದೆ. ಎಲ್ಲರೂ ತಮ್ಮ ಮನಸ್ಸನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳಬಲ್ಲರಾದರೆ ಅವರಿಗೆ ಈ ಗತಿ ಯಾಕೆ ಬಂತು ಅನ್ನುವ ಪ್ರಶ್ನೆಯೂ ಏಳುತ್ತದೆ. ಆಮೇಲೆ ಆ ಮನೆಗೆ ಯಾರೂ ಬರೋದಿಲ್ಲ ನೋಡಿ. ನಮ್ಮ ಕಡೆಯಾದರೆ ಇಷ್ಟು ಹೊತ್ತಿಗೆ ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದು ಎರಡು ಸೀನ್ ಹಾಳು ಮಾಡುತ್ತಿದ್ದರು. ಅವರು ಬಂದಿದ್ದರೆ ಏನಾದರೂ ಬದಲಾಗುತ್ತಿತ್ತಾ? ಹೇಳೋದು ಕಷ್ಟ. ಮನೆ ತುಂಬ ಜನ ಇದ್ದೂ ಒಂಟಿಯಾದವರನ್ನು ನಾವೂ ನೋಡಿದ್ದೇವೆ.

ನಾಲ್ಕನೇ ಭಾನುವಾರ ಬಂತು. ಅವತ್ತು ನಾನು ಅನುವಾದ ಮಾಡೋದನ್ನು ನಡುವೆಯೇ ನಿಲ್ಲಿಸಿದೆ. ಅಮ್ಮ "ಹೇಳ್ಬೇಡ, ಗೊತ್ತಾಗುತ್ತೆ" ಅಂದರು. ಮುಂದೆ ಏನಾಗುತ್ತದೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಮೂರು ವಾರದಿಂದ ಗೊತ್ತಿತ್ತು. ಆದರೂ ಅಮ್ಮ ಸೆರಗಿನ ತುದಿ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಕೂತಿದ್ದರು. ಯಾರಾದರೂ ಬಂದು ಬಾಗಿಲು ತಟ್ಟುತ್ತಾರೇನೋ ಅನ್ನುವ ಹಾಗೆ. ಮುಗಿದ ಮೇಲೆ ಏನೂ ಹೇಳಲಿಲ್ಲ. ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿದರು.

ಮುಂದಿನ ಭಾನುವಾರ ಅದೇ ಹೊತ್ತಿಗೆ ಬಂದು ಟಿವಿ ಮುಂದೆ ಕೂತರು.

"ಹಾಕು."

"ಮುಗೀತಲ್ಲ ಅಮ್ಮ. ನಾಲ್ಕೇ ಇರೋದು."

"ಅಷ್ಟೇನಾ? ಮತ್ತೆ ಆ ಮನುಷ್ಯ ಇನ್ನು ಮುಂದೆ ಊಟಕ್ಕೆ ಏನು ಮಾಡ್ತಾನೆ?"

"ಅದು ಅದರಲ್ಲಿ ಇಲ್ಲ."

"ಬರೆದೋನಿಗೆ ಗೊತ್ತಿರುತ್ತೆ. ಕೇಳು."

"ಅವರು ತೀರ್ಕೊಂಡ್ರು ಅಮ್ಮ. 1998ರಲ್ಲೇ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಹಂಗಾದ್ರೆ ನೀನು ಬರಿ. ಒಂದು ಅನ್ನ ಸಾರು ಮಾಡೋದಾದ್ರೂ ಕಲಿಸು ಅವನಿಗೆ."